ಸೈಕಲ್ ಹುಚ್ಚರಾಯಪ್ಪನ ಎರಡನೇ ಶಾಲು

ಮೊನ್ನೆ ನನ್ನ ಹೆಂಡತಿ ಬೀರು ತೆಗೆದು ಶಾಲುಗಳ ವಿಲೇವಾರಿಗೆ ಕೂತಳು. ಊರೂರಲ್ಲಿ ಸಭೆಗಳ ನಿರೂಪಣೆ ಮಾಡಿಕೊಂಡು ಬಂದ ಮೇಷ್ಟ್ರ ಮನೆಯಲ್ಲಿ ಚಿನ್ನ ಇರುವುದಿಲ್ಲ, ಶಾಲು ಇರುತ್ತವೆ. ಒಂದು ಮಿಕ್ಸಿಯ ಮೇಲಿದೆ, ಒಂದು ಇನ್ವರ್ಟರಿನ ಮೇಲಿದೆ, ಇನ್ನೊಂದನ್ನು ಹೊದ್ದು ನಮ್ಮ ನಾಯಿ ನನಗಿಂತ ಗಂಭೀರವಾಗಿ ಮಲಗುತ್ತದೆ. ಉಳಿದವನ್ನು ಒಂದೊಂದಾಗಿ ಮೂಸಿ ಬದಿಗಿಡುತ್ತಿದ್ದವಳು ಒಂದರ ಹತ್ತಿರ ಬಂದಾಗ ಮೂಗು ಮುಚ್ಚಿಕೊಂಡಳು.

“ಇದ್ಯಾವ್ದ್ರೀ? ಸೈಕಲ್ ಶಾಪಿನ ವಾಸನೆ ಹೊಡೀತಿದೆ. ನೆಲ ಒರೆಸೋಕೂ ಬರಲ್ಲ, ಬಿಸಾಕ್ಲಾ?”

“ಮುಟ್ಟಬೇಡ!” ಎಂದು ನಾನು ಕೂಗಿದ ರಭಸಕ್ಕೆ ನಾಯಿ ಶಾಲು ಸಮೇತ ಎದ್ದು ಕೂತಿತು.

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಕೇಳಿ. ಶಿಕಾರಿಪುರದ ಹುಚ್ಚರಾಯಪ್ಪನ ಕಸುಬೇ ಸೈಕಲ್ ತುಳಿಯುವುದು. ಕಸುಬಿನ ಸೈಕಲ್ ಸವಾರ ಅಂದಕೂಡಲೇ ಮೈಗಂಟಿದ ಬಟ್ಟೆ, ತಲೆಗೆ ಹೆಲ್ಮೆಟ್, ಘಟ್ಟ ಹತ್ತಿ ಇಳಿಯುವ ಟಿವಿಯ ಚಿತ್ರ ಕಣ್ಣಿಗೆ ಬಂದಿದ್ದರೆ ಒರೆಸಿಬಿಡಿ. ನಮ್ಮ ಹುಚ್ಚರಾಯಪ್ಪ ಎಲ್ಲಿಗೂ ಹೋಗುವವನಲ್ಲ. ಮೈದಾನದ ನಡುವೆ ಒಂದು ಕಂಬ ನೆಟ್ಟು, ಅದರ ಸುತ್ತ ಏಳು ದಿನ ನೆಲಕ್ಕೆ ಕಾಲಿಡದೆ ಸುತ್ತುವವನು. ಊಟ ಸೈಕಲ್ ಮೇಲೆ, ಸ್ನಾನ ಸೈಕಲ್ ಮೇಲೆ, ಗಡ್ಡ ಹೆರೆದುಕೊಳ್ಳುವುದೂ ಅದರ ಮೇಲೆಯೇ. ಅವನು ಅಷ್ಟು ವರ್ಷ ತುಳಿದದ್ದನ್ನು ನೆಟ್ಟಗೆ ತುಳಿದಿದ್ದರೆ ಕಾಶಿ ನೋಡಿಕೊಂಡು ಬರಬಹುದಿತ್ತು. ಅವನು ನೋಡಿದ್ದು ಕಂಬ.

ಅವನಿಗೆ ಹೆಣ್ಣು ಗೊತ್ತಾದದ್ದೂ ಹಾಗೆಯೇ. ಈಸೂರಿನಲ್ಲಿ ಆಟ ನಡೆದಿದ್ದಾಗ ಹೆಣ್ಣಿನ ಕಡೆಯವರು ಮೈದಾನಕ್ಕೇ ಬಂದರಂತೆ. ಗಂಡು ಇಳಿಯುವಂತಿಲ್ಲ, ಬಂದವರಿಗೆ ಬಸ್ಸಿನ ಹೊತ್ತಾಗುತ್ತಿದೆ. ಕೊನೆಗೆ ಒಂದು ಸುತ್ತಿಗೆ ಒಂದು ಪ್ರಶ್ನೆ ಎಂದಾಯಿತು. ಮಾವನಾಗುವವರು “ಜಮೀನು ಎಷ್ಟೈತಪ್ಪಾ?” ಅಂದರೆ ಉತ್ತರ ಮುಂದಿನ ಸುತ್ತಿಗೆ ಬರುತ್ತಿತ್ತು. ಹೀಗೆ ಹನ್ನೆರಡು ಸುತ್ತಿನಲ್ಲಿ ಸಂಬಂಧ ಕುದುರಿತು. “ಮಖ ಸರಿಯಾಗಿ ಕಾಣ್ಲಿಲ್ರೀ ಮೇಷ್ಟ್ರೇ, ಆದ್ರೆ ಎಲ್ಲಾ ಕಡೆಯಿಂದ್ಲೂ ಕಂಡ್ರು” ಎಂದು ಅವನ ಹೆಂಡತಿ ಗೌರಮ್ಮ ಈಗಲೂ ಹೇಳಿ ನಗುತ್ತಾರೆ.

ಇನ್ನು ನನ್ನ ವಿಷಯ. ನಾನು ಸೊರಬದಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಮೈಕ್ ಕಂಡರೆ ನನಗೆ ಊಟ ಬೇಡ. ಶಾಲೆಯ ವಾರ್ಷಿಕೋತ್ಸವದಿಂದ ಹಿಡಿದು ಪಕ್ಕದ ಮನೆಯ ಸೀಮಂತದವರೆಗೆ ಎಲ್ಲದಕ್ಕೂ ಸ್ವಾಗತ, ವಂದನಾರ್ಪಣೆ, ನಡುನಡುವೆ ‘ಜೋರಾದ ಚಪ್ಪಾಳೆ’ ನನ್ನ ಬಾಯಿಂದಲೇ ಆಗಬೇಕು. ಸನ್ಮಾನವಿಲ್ಲದ ಸಭೆ ನನ್ನ ಪ್ರಕಾರ ಸಭೆಯೇ ಅಲ್ಲ. ಐದು ವರ್ಷದ ಹಿಂದೆ ಸೊರಬದ ಸಂತೆ ಮೈದಾನದಲ್ಲಿ ಹುಚ್ಚರಾಯಪ್ಪನ ಏಳು ದಿನದ ಆಟ ಇಟ್ಟುಕೊಂಡಾಗಲೂ ಮೈಕ್ ನನ್ನ ಕೈಯಲ್ಲೇ ಇತ್ತು.

ಐದನೇ ದಿನ ಮುಖ್ಯ ಅತಿಥಿಯಾಗಿ ರೈಸ್ ಮಿಲ್ಲಿನ ಚನ್ನಬಸಪ್ಪನವರು ಬಂದರು. ಹಾರ, ಪೇಟ, ಹಣ್ಣಿನ ಬುಟ್ಟಿ, ಶಾಲು ಎಲ್ಲ ತಟ್ಟೆಯಲ್ಲಿ ತಯಾರು. ಆದರೆ ಸನ್ಮಾನಿತರು ಇಳಿಯುವಂತಿಲ್ಲ, ಇಳಿದರೆ ಆಟ ಮುಗಿಯಿತು. ಚನ್ನಬಸಪ್ಪನವರು ಸನ್ಮಾನ ಮಾಡದೆ ಹೋಗುವವರಲ್ಲ. ಆಗ ಹೊಳೆಯಿತು ನೋಡಿ ನನ್ನ ಹಾಳು ತಲೆಗೆ. “ಬಂಧುಗಳೇ, ನಮ್ಮ ತಾಲ್ಲೂಕಿನಲ್ಲೇ ಮೊದಲ ಬಾರಿಗೆ, ಚಲಿಸುತ್ತಿರುವಾಗಲೇ ಸನ್ಮಾನ!” ಎಂದು ಘೋಷಿಸಿಬಿಟ್ಟೆ.

ಮೊದಲ ಸುತ್ತಿನಲ್ಲಿ ಚನ್ನಬಸಪ್ಪನವರು ಪಂಚೆ ಎತ್ತಿಕೊಂಡು ಓಡಿ ಹಾರ ಹಾಕಿದರು. ಎರಡನೇ ಸುತ್ತಿನಲ್ಲಿ ಪೇಟ ತೊಡಿಸಿದರು, ಅದು ಜಾರಿ ಹುಚ್ಚರಾಯಪ್ಪನ ಕಣ್ಣಿನ ಮೇಲೆ ಕೂತಿತು. ಮೂರನೇ ಸುತ್ತಿನಲ್ಲಿ ಹಣ್ಣಿನ ಬುಟ್ಟಿ ಕೊಟ್ಟರು, ಒಂದು ಕೈ ಹೋಯಿತು. ಕಣ್ಣಿಲ್ಲದೆ, ಒಂದೇ ಕೈಯಲ್ಲಿ ಬಂದವನ ಮೇಲೆ ನಾಲ್ಕನೇ ಸುತ್ತಿನಲ್ಲಿ ಶಾಲು ಹೊದಿಸಿದರು. ಶಾಲಿನ ಅಂಚು ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿತು. ಹುಚ್ಚರಾಯಪ್ಪ, ಸೈಕಲ್, ಮೂಸಂಬಿ ಎಲ್ಲ ಒಟ್ಟಿಗೆ ನೆಲಕ್ಕೆ ಬಿದ್ದವು. ಬಾಯಿಗೆ ರೂಢಿಯಾಗಿತ್ತಲ್ಲ, ನಾನು ಮೈಕಿನಲ್ಲಿ “ಜೋರಾದ ಚಪ್ಪಾಳೆ!” ಅಂದುಬಿಟ್ಟೆ. ಅವನ ಬಲತೊಡೆಯ ಮೂಳೆ ಎರಡು ತುಂಡಾಗಿ ಬಿದ್ದಿದ್ದಾಗ ಜನ ಚಪ್ಪಾಳೆ ತಟ್ಟಿದರು.

ಆ ಚಪ್ಪಾಳೆ ನನ್ನ ಕಿವಿಯಿಂದ ಹೋಗಲಿಲ್ಲ. ಶಿವಮೊಗ್ಗದಲ್ಲಿ ತೊಡೆಗೆ ರಾಡು ಹಾಕಿದರು. ನಡೆಯಬಹುದು, ಸೈಕಲ್ ಮರೆತುಬಿಡಿ ಎಂದರು. ನಾನು ನೋಡಲು ಹೋದೆ. ದಾರಿಯಲ್ಲಿ ಮೂಸಂಬಿ ಕೊಳ್ಳಲು ಹೋದವನು ನಾಚಿಕೆಯಾಗಿ ಬ್ರೆಡ್ಡು ತೆಗೆದುಕೊಂಡೆ. ಹುಚ್ಚರಾಯಪ್ಪ ಮಳೆಬೆಳೆಯನ್ನಷ್ಟೇ ವಿಚಾರಿಸಿದ. ಗೌರಮ್ಮ ಮಾತ್ರ ಬಾಗಿಲತನಕ ಬಂದು, “ಮೇಷ್ಟ್ರೇ, ಅವ್ರ ಕಾಲು ಮುರಿದದ್ದು ಶಾಲಲ್ಲ, ನಿಮ್ಮ ಬಾಯಿ” ಎಂದರು. ಅವತ್ತಿನಿಂದ ನಾನು ಮೈಕ್ ಮುಟ್ಟಲಿಲ್ಲ. ಸೊರಬದಲ್ಲಿ ನನಗೆ ಗಂಟಲಿನ ಕಾಯಿಲೆ ಎಂದು ಸುದ್ದಿಯಾಯಿತು. ಯಾರೋ ಪುಣ್ಯಾತ್ಮರು ಮನೆಗೆ ಜೇಷ್ಠಮಧು ತಂದುಕೊಟ್ಟರು.

ಹೋದ ವರ್ಷ ಯುಗಾದಿ ಕಳೆದ ಮೇಲೆ ಫೋನು ಬಂತು.

“ಮೇಷ್ಟ್ರೇ, ಸೊರಬದಾಗೆ ಒಂದಿನ ಸೈಕಲ್ ಹತ್ತತೀನ್ರೀ. ಬೆಳಿಗ್ಗೆ ಹತ್ತಿದ್ರೆ ಸಂಜಿ ತಂಕ. ಮೈಕಿಗೆ ನೀವೇ ಬರ್ಬೇಕು.”

“ನಾನಾ? ಬೇಡ ಮಾರಾಯ. ಅರವತ್ತು ಹತ್ತಿರ ಬಂತು ನಿಂಗೆ, ತೊಡೇಲಿ ಕಬ್ಬಿಣ ಇದೆ.”

“ಸೈಕಲ್ಲಾಗೂ ಕಬ್ಬಿಣನೇ ಇರೋದು. ನೋಡ್ರೀ, ಜನ ನನ್ನ ಬಿದ್ದೋನು ಅಂತ ಗುರುತು ಹಿಡೀತಾರೆ. ನಾನೇ ಹತ್ತಿ, ನಾನೇ ಇಳಿದು, ನೆಲ ಮುಟ್ಟಿ ನಮಸ್ಕಾರ ಮಾಡಿ ಮನಿಗೆ ಹೋಗ್ಬೇಕು. ಯಾರೂ ನನ್ನ ಹಿಡೀಬಾರ್ದು. ಹಿಡಿದ್ರೋ, ಅವತ್ತೇ ಸೈಕಲ್ಲು ಗುಜರಿಗೆ.”

ಆಟದ ದಿನ ಮೈದಾನದ ಬಾಗಿಲಲ್ಲಿ ಗೌರಮ್ಮ ನಿಂತಿದ್ದರು. ಹೊದಿಯುವಂಥ ಒಂದು ವಸ್ತುವೂ ಒಳಗೆ ಬರಕೂಡದು ಎಂಬುದು ಅವರ ಷರತ್ತು. ಹಿರಿಯರ ಹೆಗಲ ಮೇಲಿನ ಟವೆಲ್ಲುಗಳು ಒಂದೊಂದಾಗಿ ಇಳಿದು ರಾಶಿ ಬಿದ್ದವು. ನೆಗಡಿಯಾದವರೊಬ್ಬರ ಮಫ್ಲರ್ ಹೋಯಿತು. ಹೆಗಲು ಖಾಲಿಯಾದ ದೊಡ್ಡಮನುಷ್ಯರು ಕೈ ಎಲ್ಲಿಡಬೇಕೆಂದು ತಿಳಿಯದೆ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಚನ್ನಬಸಪ್ಪನವರೂ ಬಂದರು, ಹೊಟ್ಟೆ ಮೊದಲಿಗಿಂತ ಬಹಳ ದಪ್ಪಗಾಗಿತ್ತು. ನನ್ನ ಪಕ್ಕ ಕೂತು ಅಂಗಿಯ ಗುಂಡಿ ಬಿಚ್ಚಿ ತೋರಿಸಿದರು. ಒಳಗೆ ಶಾಲು ಸುತ್ತಿಕೊಂಡಿದ್ದರು.

“ಶಿರಾಳಕೊಪ್ಪದಲ್ಲಿ ತಗೊಂಡೆ ಮೇಷ್ಟ್ರೇ, ಒಳ್ಳೇದು. ಅವತ್ತಿನ ಸನ್ಮಾನ ಅರ್ಧಕ್ಕೇ ನಿಂತೈತಿ. ನಂಗೆ ಊಟ ಸೇರಲ್ಲ.”

“ಗೌರಮ್ಮ ನೋಡಿದ್ರೆ ನಮ್ಮಿಬ್ಬರಿಗೂ ಊಟ ಬೇಕಾಗಲ್ಲ, ಮುಚ್ರೀ” ಎಂದೆ.

ಬೆಂಚಿನ ಮೇಲೆ ನಿಂತು, ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಆಚೆ ಹಾಕಿ, ಹುಚ್ಚರಾಯಪ್ಪ ಸೈಕಲ್ ಹತ್ತಿದ. ಹೊರಟ. ಸಲೀಸಾಗಿ ತಿರುಗಿದ. ಮಂಡಕ್ಕಿ ತಿಂದ, ಚಹಾ ಕುಡಿದ, ತಲೆಗೆ ನೀರು ಹೊಯ್ದುಕೊಂಡ. ನಾನು ದಿನವಿಡೀ ಹೊತ್ತು ಬಿಟ್ಟು ಬೇರೇನನ್ನೂ ಮೈಕಿನಲ್ಲಿ ಹೇಳಲಿಲ್ಲ. “ಈಗ ಹನ್ನೊಂದು ಗಂಟೆ.” “ಈಗ ಹನ್ನೆರಡು ಗಂಟೆ.” ಇದೇನು ಮೇಷ್ಟ್ರು ರೈಲ್ವೆ ಸ್ಟೇಷನ್ ಆದರು ಎಂದು ಜನ ನಕ್ಕರು.

ಸಂಜೆ ಆರಾಯಿತು. ಗಂಟೆ ಬಾರಿಸಿದರು. ಹುಚ್ಚರಾಯಪ್ಪ ಇಳಿಯಲಿಲ್ಲ. ಮತ್ತೆರಡು ಸುತ್ತು ಹಾಕಿದ. ಖುಷಿಗೆ ಹೊಡೆಯುತ್ತಿದ್ದಾನೆ ಎಂದು ಜನ ಸಿಳ್ಳೆ ಹಾಕಿದರು. ನನ್ನ ಮುಂದೆ ಹಾಯುವಾಗ ಮಾತ್ರ ಮೆಲ್ಲಗೆ “ಮೇಷ್ಟ್ರೇ” ಎಂದ. ಮುಂದಿನ ಸುತ್ತಿಗೆ “ಕಾಲು ಎತ್ತಾಕೆ” ಎಂದ. ಅದರ ಮುಂದಿನ ಸುತ್ತಿಗೆ “ಬರ್ತಿಲ್ಲ” ಎಂದ.

ನಾನು ಗೌರಮ್ಮನ ಹತ್ತಿರ ಓಡಿದೆ. ಅವರು ಹಣೆ ಬಡಿದುಕೊಂಡರು. ನಾಲ್ಕು ತಿಂಗಳು ಮನೆಯಂಗಳದಲ್ಲಿ ಅಭ್ಯಾಸ ಮಾಡಿದ್ದನಂತೆ. ಪ್ರತಿಸಲವೂ ಜಗುಲಿಗೆ ಒತ್ತಿ ನಿಲ್ಲಿಸಿ, ಜಗುಲಿಯ ಮೇಲೆ ಕೂತು, ಆಮೇಲೆ ಕಾಲೆಳೆದುಕೊಳ್ಳುತ್ತಿದ್ದನಂತೆ. ಹತ್ತುವುದು, ತುಳಿಯುವುದು, ಸ್ನಾನ, ಚಹಾ ಎಲ್ಲ ಅಭ್ಯಾಸವಾಗಿತ್ತು. ಇಳಿಯುವುದನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ! ಎಡಗಾಲೂರಿ ನಿಲ್ಲಲಿ ಎಂದರೆ ಎತ್ತಲಾಗದ ಬಲಗಾಲು ಸೈಕಲ್ಲಿನಾಚೆ ಉಳಿದು ಮಗುಚಿ ಬೀಳುತ್ತಾನೆ. ಬೆಂಚು ಇಡೋಣವೆಂದರೆ ಮೊದಲ ಹೆಜ್ಜೆ ನೆಲಕ್ಕೇ ಬೀಳಬೇಕೆಂಬುದು ಅವನ ಹಟ. ಹಿಡಿಯೋಣವೆಂದರೆ ಸೈಕಲ್ಲು ಗುಜರಿಗೆ. ಅವನೋ ಬೆವರುತ್ತ ತಿರುಗುತ್ತಲೇ ಇದ್ದ, ತೊಡೆ ನಡುಗುವುದು ನನಗೆ ದೂರದಿಂದಲೇ ಕಾಣುತ್ತಿತ್ತು. ಇನ್ನು ಐದು ನಿಮಿಷಕ್ಕೆ ತಾನಾಗಿಯೇ ಬೀಳುತ್ತಾನೆ, ಅದೇ ಜಾಗದಲ್ಲಿ, ನನ್ನ ಕಣ್ಣೆದುರಿಗೇ ಎಂದು ನನಗೆ ಅಳು ಬಂತು.

ಗೌರಮ್ಮ ಒಂದು ಕ್ಷಣ ರಾಶಿಯನ್ನು ನೋಡಿದರು. ಸೆರಗು ಬಿಗಿದು ಟವೆಲ್ಲುಗಳನ್ನು ಬಾಚಿ ತಂದು ಮೈದಾನದಲ್ಲಿ ಸುರಿಯತೊಡಗಿದರು. ಜನರಿಗೂ ತಿಳಿಯಿತು. ಒಬ್ಬರು ಅಂಗಿ ಬಿಚ್ಚಿ ಎಸೆದರು, ಇನ್ನೊಬ್ಬರು ಕೂತಿದ್ದ ಗೋಣಿಚೀಲ ಎಳೆದು ತಂದರು. ಕೊನೆಗೆ ಚನ್ನಬಸಪ್ಪನವರು ಎದ್ದು, ಎಲ್ಲರೆದುರು ಅಂಗಿಯೆತ್ತಿ, ಗಿರಗಿರ ತಿರುಗುತ್ತ ಹೊಟ್ಟೆಯ ಶಾಲು ಬಿಚ್ಚಿ ರಾಶಿಯ ಮೇಲೆ ಹಾಸಿದರು. ಗೌರಮ್ಮ ಅವರನ್ನು ನೋಡಿದ ನೋಟ ಈಗಲೂ ನೆನಪಿದೆ. ಆದರೆ ಶಾಲು ತೆಗೆಯಿರಿ ಅನ್ನಲಿಲ್ಲ. ಗಂಡನ ಕಡೆ ತಿರುಗಿ ಕೂಗಿದರು.

“ಬೀಳ್ರೀ! ಬಿದ್ರೂ ಇಳಿದಂಗೇ! ಯಾರೂ ಹಿಡಿಯಲ್ಲ, ಬೀಳ್ರೀ!”

ಹುಚ್ಚರಾಯಪ್ಪ ಇನ್ನೊಂದು ಸುತ್ತು ಬಂದ. ಹ್ಯಾಂಡಲ್ ತಿರುಗಿಸಿ, ಕಣ್ಣು ಮುಚ್ಚಿ, ರಾಶಿಗೆ ಬಿದ್ದ. ಸೈಕಲ್ಲಿನ ಚೈನು ಶಾಲನ್ನು ಕಚ್ಚಿ ಎಳೆದು ನಿಂತಿತು. ನಾನು ಎಡಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡಿದ್ದೆ. ಟವೆಲ್ಲುಗಳ ನಡುವಿನಿಂದ ಒಂದು ಕೈ ಹೊರಬಂತು. ತಡವರಿಸಿ ನೆಲ ಹುಡುಕಿತು. ಮುಟ್ಟಿ ಒಳಗೆ ಹೋಯಿತು, ಕಣ್ಣಿಗೆ ಒತ್ತಿಕೊಂಡನೆಂದು ಕಾಣುತ್ತದೆ. ಆಮೇಲೆ ಒಳಗಿನಿಂದ ದನಿ ಬಂತು.

“ಮೇಷ್ಟ್ರೇ, ಈಗ ಹೇಳ್ರೀ!”

ನಾನು ಮೈಕ್ ಬಾಯಿಗೆ ಹಿಡಿದೆ. ಸಾವಿರ ಸಲ ಹೇಳಿದ ಮಾತು. ‘ಜೋ’ ಅಂದೆ. ಮುಂದಕ್ಕೆ ಬರಲಿಲ್ಲ. ಲೌಡ್‌ಸ್ಪೀಕರಿನಲ್ಲಿ ನನ್ನ ಅಳು ಸೊರಬದ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಜನ ತಾವೇ ಚಪ್ಪಾಳೆ ತಟ್ಟಿದರು. ಹುಚ್ಚರಾಯಪ್ಪ ತಾನಾಗಿಯೇ ಎದ್ದು ಕುಂಟುತ್ತ ಬಂದು, ಚೈನಿನಿಂದ ಬಿಡಿಸಿದ ಶಾಲನ್ನು ನನ್ನ ಹೆಗಲಿಗೆ ಹೊದಿಸಿದ. ನಿಂತಿದ್ದಾಗ ಹೊದಿಸಿಕೊಂಡ ಶಾಲು ಅದು, ಏನೂ ಅಪಾಯವಾಗಲಿಲ್ಲ.

ಇಷ್ಟನ್ನೂ ಹೇಳಿ ಮುಗಿಸಿದಾಗ ನನ್ನ ಹೆಂಡತಿ ಶಾಲಿನಲ್ಲಿ ಚೈನಿನ ಹಲ್ಲು ಮಾಡಿದ ತೂತುಗಳಿಗೆ ಬೆರಳು ತೂರಿಸಿ ನೋಡುತ್ತಿದ್ದಳು.

“ಮೈಕಲ್ಲಿ ಅದೇನು ಸದ್ದು ಅಂತ ಕೇಳಿದ್ದಕ್ಕೆ ಗಂಟಲು ಕಟ್ಟಿತ್ತು, ಮೈಕ್ ಕೆಟ್ಟಿತ್ತು ಅಂದ್ರಲ್ಲ ಅವತ್ತು ನಂಗೆ?”

“ಸುಳ್ಳು ಹೇಳಿದ್ದೆ ಕಣೇ. ಅತ್ತಿದ್ದೆ.”

ಅವಳು ಶಾಲನ್ನು ನಾಲ್ಕು ಮಡಿಕೆ ಮಾಡಿ, ತನ್ನ ಮದುವೆಯ ಸೀರೆ ಇಡುವ ಮೇಲಿನ ಖಾನೆಯಲ್ಲಿ, ಆ ಸೀರೆಗೆ ಎಣ್ಣೆ ತಾಗದಂತೆ ನಡುವೆ ಒಂದು ಹಳೇ ಪೇಪರ್ ಹಾಕಿ, ಇಟ್ಟಳು.