ಪೊರಕೆ ಮುಟ್ಟದ ಸಂಜೆ

ನಮ್ಮ ಕಸುಬಿನಲ್ಲಿ ನನಗೆ ಬಲು ಇಷ್ಟವಾದ ಮಾತು ‘ಬ್ರೂಮ್ ಕ್ಲೀನ್’. ಮನೆಯ ಹಳೇ ಸಾಮಾನನ್ನೆಲ್ಲ ಸಾಗಿಸಿ, ನೆಲ ಗುಡಿಸಿ, ಬೀಗದ ಕೈ ಒಪ್ಪಿಸುವುದಕ್ಕೆ ಹಾಗೆನ್ನುತ್ತಾರೆ. ಗುಜರಿಯವನು ಬೇಕಾದ್ದನ್ನು ಆರಿಸಿಕೊಂಡು ಮನೆಯವರಿಗೆ ದುಡ್ಡು ಕೊಟ್ಟು ಹೋಗುತ್ತಾನೆ. ಅವನು ಬೇಡವೆಂದು ಬಿಟ್ಟ ಮುರುಕು ಮಂಚ, ಹರುಕು ಹಾಸಿಗೆ ಹೊರುವವರು ನಾವು. ನಮಗೆ ಮನೆಯವರೇ ಕೊಡಬೇಕು. ಎರ್ನಾಕುಲಂನ ಗಿರಾಕಿಗಳಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗುತ್ತಿತ್ತು. ಗುಜರಿಗೆ ಇಲ್ಲಿ ಆಕ್ರಿ ಎನ್ನುತ್ತಾರೆ. “ಆಕ್ರಿಯನ್ನೂ ಕೊಟ್ಟು ದುಡ್ಡನ್ನೂ ಕೊಡಬೇಕಾ?” ಎಂದು ನಗುತ್ತಿದ್ದರು. ನಗಲಿ ಬಿಡಿ! ಬ್ಯಾಂಕಿನ ಕುರ್ಚಿಯಲ್ಲೇ ತಲೆ ನರೆಸಿಕೊಂಡ ನನಗೆ ಲಾರಿಯ ಮುಂದಿನ ಸೀಟು ಸಿಕ್ಕಿದ್ದೇ ಒಂದು ಹಬ್ಬವಾಗಿತ್ತು.

ಲಾರಿ ನನ್ನದಲ್ಲ, ನಮ್ಮ ಕೆಳಗಿನ ಫ್ಲ್ಯಾಟಿನ ಗೆಳತಿಯದು. ಕಾಸರಗೋಡಿನ ಕಡೆಯವಳು, ನನಗಿಂತ ಚಿಕ್ಕವಳು. ಇದ್ದ ಕೆಲಸ ಬಿಟ್ಟು ಆ ಪುಟ್ಟ ಲಾರಿ ಕೊಂಡಿದ್ದಳು. ಮಟ್ಟಾಂಚೇರಿಯ ಹಳೇ ಗೋದಾಮಿನ ಒಂದು ಮೂಲೆ ನಮ್ಮ ಆಫೀಸು. ಕಾಳುಮೆಣಸಿನ ಘಾಟಿಗೆ ಸೀನದೆ ನಾವು ಫೋನಿನಲ್ಲಿ ಮಾತು ಮುಗಿಸಿದ್ದೇ ಇಲ್ಲ. ಸಿಗುತ್ತಿದ್ದ ಕೆಲಸವೆಲ್ಲ ಚಿಲ್ಲರೆ. ಅಷ್ಟರಲ್ಲಿ ತಿರುವನಂತಪುರದಿಂದ ಕರೆ ಬಂತು: ಒಂದು ಲೇಡೀಸ್ ಹಾಸ್ಟೆಲ್ ಮುಚ್ಚುತ್ತಿದೆ, ಇಡೀ ಮನೆ ಖಾಲಿ ಮಾಡಿಕೊಡಬೇಕು.

“ಇದೊಂದು ಸರಿ ಆಗದಿದ್ರೆ ಲಾರಿ ಮಾರಿ ಊರಿಗೆ ಹೋಗುದೇ, ಅಕ್ಕ,” ಎಂದಳು ಗೆಳತಿ. ತಮಾಷೆಗೆ ಹೇಳಿದ್ದಲ್ಲ.

ನಾನೋ, ಕರಾರಿನಲ್ಲಿ ‘ದೀಪದ ಹೊತ್ತಿಗೆ ಬ್ರೂಮ್ ಕ್ಲೀನ್’ ಎಂದು ಜಂಬದಿಂದ ಬರೆಸಿಬಿಟ್ಟಿದ್ದೆ. ಆ ಮನೆಯ ಯಜಮಾನರ ಮಗಳು ಮರುದಿನ ಬೆಳಿಗ್ಗೆ ಅಲ್ಲಿ ಹಾಲುಕ್ಕಿಸುವವಳಿದ್ದಳು.

ಹಾಸ್ಟೆಲ್ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಬಾಡಿಗೆ ಮನೆಯೇ ಆದರೂ ಹಾಸ್ಟೆಲ್ ತೆರೆದಂದಿನಿಂದ ಅಲ್ಲಿ ಸಂಜೆಯ ದೀಪ ತಪ್ಪಿಸಿದವರಲ್ಲ. “ಇವತ್ತಿನದೇ ಕೊನೆಯದು,” ಎಂದು ಮಲಯಾಳದಲ್ಲಿ ಹೇಳಿ, ನಿಲುದೀಪವನ್ನು ಹಾಲಿನ ಮೂಲೆಯಲ್ಲಿ ತೊಳೆದಿಟ್ಟಿದ್ದರು. ನಾವು ಅಂಗಳದಲ್ಲಿ ರಾಶಿ ಬೇರೆ ಮಾಡತೊಡಗಿದೆವು: ಕಬ್ಬಿಣ ಒಂದು ಕಡೆ, ಮರ ಒಂದು ಕಡೆ, ಯಾರೂ ಕೊಳ್ಳದ ‘ರಿಜೆಕ್ಟ್’ ಇನ್ನೊಂದು ಕಡೆ. ಹುಡುಗಿಯರು ಬಿಟ್ಟುಹೋದ ಹಳೇ ಬೆಡ್‌ಶೀಟುಗಳೇ ಅದರಲ್ಲಿ ಗುಡ್ಡೆಯಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಮಂಚಗಳೆಲ್ಲ ಲಾರಿ ಏರಿದವು, ಕೋಣೆಗಳನ್ನು ಗುಡಿಸಿಯೂ ಆಯಿತು. ಗೆದ್ದೆವು ಎಂದು ನಾನು ಒಳಗೊಳಗೇ ಕುಣಿದೆ.

ಉಳಿದದ್ದು ಮಹಡಿಯ ಒಂದೇ ಒಂದು ಹಾಸಿಗೆ. ಹಳೇ ಕಾಲದ್ದು, ಬೂರುಗದ ಹತ್ತಿ ತುಂಬಿದ್ದು. ನಮ್ಮ ಇಬ್ಬರು ಕೆಲಸದವರು ಅದನ್ನು ಹೊತ್ತು ಮೆಟ್ಟಿಲಿಳಿಯುವಾಗ ಕಂಬಿಯ ಮೊನೆಗೆ ಸಿಕ್ಕಿ ಪರ್ರನೆ ಹರಿಯಿತು. ಅದೇ ಹೊತ್ತಿಗೆ ಸೆಕೆ ತಡೆಯಲಾರದೆ ಯಾರೋ ಹಾಲಿನ ಫ್ಯಾನ್ ಹಾಕಿದರು. ಅಯ್ಯೋ ದೇವರೇ! ಗೋಡೆ, ಕಿಟಕಿ, ನಮ್ಮ ತಲೆ, ಬಾಯಿ, ಎಲ್ಲೆಲ್ಲೂ ಹತ್ತಿ. ಫ್ಯಾನ್ ಆರಿಸಿ ಪೊರಕೆ ಹಿಡಿದೆವು. ಗುಡಿಸಿದಷ್ಟೂ ಅದು ಮೇಲೆದ್ದು ಹಾರಾಡಿ, ಗುಡಿಸಿದ ಜಾಗದಲ್ಲೇ ಬಂದು ಕೂರುತ್ತಿತ್ತು.

ಹೊರಗೆ ಬೆಳಕು ಇಳಿಯುತ್ತಿತ್ತು. ಚೇಚಿ ಕೈಕಾಲು ತೊಳೆದು ಬಂದು, ಎಣ್ಣೆ ಹೊಯ್ದು, ಬತ್ತಿ ಹಚ್ಚಿದರು. ಕೆಲಸದವರು ಸದ್ದಿಲ್ಲದೆ ಪೊರಕೆ ಕೆಳಗಿಟ್ಟರು. ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆಂದು ನನ್ನ ಅಮ್ಮನೂ ಪೊರಕೆ ಕಸಿದುಕೊಳ್ಳುತ್ತಿದ್ದಳು. ಮಂಗಳಾರತಿ ನಮಗೇ ಎಂದುಕೊಂಡೆ.

“ಎಂತ ಮಾಡುದು ಅಕ್ಕ ಇನ್ನು?” ಗೆಳತಿಯ ಕಣ್ಣು ತುಂಬಿತ್ತು.

ಆ ಕ್ಷಣಕ್ಕೆ ಅಮ್ಮನೇ ನೆನಪಾದಳು, ದಿಂಬಿಗೆ ಹತ್ತಿ ತುಂಬುವಾಗ ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು, ಹಾರಿದ್ದನ್ನು ಒದ್ದೆ ಕೈಯಲ್ಲಿ ಹಿಡಿಯುತ್ತಿದ್ದ ಅಮ್ಮ.

“ಪೊರಕೆ ಯಾಕೆ ಬೇಕು ಕಣೇ? ಒರೆಸೋಣ!” ಎಂದು ಕೂಗಿ ಅಂಗಳಕ್ಕೆ ಓಡಿದೆ. ರಿಜೆಕ್ಟ್ ರಾಶಿಯಿಂದ ಬೆಡ್‌ಶೀಟುಗಳನ್ನು ಬಾಚಿ ತಂದು ಬಾವಿಕಟ್ಟೆಯಲ್ಲಿ ಅದ್ದಿದೆವು. ಒದ್ದೆ ಬಟ್ಟೆ ತಗಲಿದ್ದೇ ತಡ, ಅಷ್ಟು ಕುಣಿದ ಹತ್ತಿ ತೆಪ್ಪಗೆ ಅಂಟಿಕೊಂಡಿತು! ನಾನು, ಗೆಳತಿ, ಕೆಲಸದವರು ಮೊಣಕಾಲೂರಿ ಹಾಲಿನ ಉದ್ದಕ್ಕೂ ಒರೆಸಿದೆವು. ಮಂಡಿ ನೋವೆಂದು ಮೆಟ್ರೋ ಸ್ಟೇಷನ್ನಿನ ಮೆಟ್ಟಿಲು ಹತ್ತದ ನಾನು! ಚೇಚಿ ಒಂದು ಗಳಿಗೆ ನೋಡಿದರು, ಆಮೇಲೆ ಸೆರಗು ಸಿಕ್ಕಿಸಿ ತಾವೂ ಒಂದು ಬಟ್ಟೆ ಎತ್ತಿಕೊಂಡರು.

ಯಜಮಾನರು ಬಂದಾಗ ನೆಲ ಇನ್ನೂ ಹಸಿಯಾಗಿತ್ತು, ದೀಪ ಅದರಲ್ಲಿ ಕಾಣುತ್ತಿತ್ತು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಕಿಟಕಿಯ ಮೇಲೆ ಬೆರಳಾಡಿಸಿ, “ನಾಳೆ ಇಲ್ಲಿ ಹಾಲುಕ್ಕಿಸಬಹುದು,” ಎಂದರು. ಬೀಗದ ಕೈಗೆ ಕೈ ಚಾಚಿದವರು ದೀಪ ಉರಿಯುತ್ತಿದ್ದುದನ್ನು ಕಂಡು ಹಿಂದೆಗೆದರು.

“ಆರಿಸಲಾ?” ಎಂದು ಚೇಚಿ ದೀಪದತ್ತ ಬಾಗಿದರು.

“ಬೇಡ. ಎಣ್ಣೆ ಇರುವಷ್ಟು ಹೊತ್ತು ಉರಿಯಲಿ.”

ಅವರೂ ಬಾಗಿಲ ಬಳಿ ಕೂತರು. ಕೂರಲು ನೆಲವೊಂದೇ ಇತ್ತು. ಕುರ್ಚಿಗಳನ್ನೆಲ್ಲ ನಾವೇ ಲಾರಿಗೆ ಹಾಕಿದ್ದೆವು. ಚೇಚಿ ಬತ್ತಿಯನ್ನೇ ನೋಡುತ್ತ ಕೂತಿದ್ದರು. ಗೆಳತಿ ನನ್ನ ಪಕ್ಕಕ್ಕೆ ಸರಿದು, ಒದ್ದೆ ಕೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದಳು.

“ಅಕ್ಕ, ಲಾರಿ ಮಾರುದಿಲ್ಲ,” ಎಂದಳು.