ಹುಳದ ಮನೆಯಲ್ಲಿ ಒಣಗಿಸಿದ ಡ್ಯಾಂಡೆಲಿಯನ್

ನಾನು ಇದುವರೆಗೆ ಬರೆದಿರುವುದೆಲ್ಲ ಅರ್ಜಿಗಳು. ನಮ್ಮೂರ ಮಹಿಳಾ ಸಂಘದ ಕಾರ್ಯದರ್ಶಿಯಾಗಿ ಬೀದಿದೀಪಕ್ಕೆ, ವಿಧವೆಯರ ಪಿಂಚಣಿಗೆ, ಬಸ್ಸು ಊರೊಳಗೆ ಬಂದು ಹೋಗುವುದಕ್ಕೆ ಮಾನ್ಯರಲ್ಲಿ ವಿನಂತಿಸಿಕೊಂಡು ಬರೆದು ಅಭ್ಯಾಸವಿದೆಯೇ ಹೊರತು, ಮನೆಯಲ್ಲಿ ನಡೆದದ್ದನ್ನು ನೆನೆದು ಬರೆದ ಅಭ್ಯಾಸವಿಲ್ಲ. ಅರ್ಜಿಯಲ್ಲಿ ಕೇಳುವುದನ್ನು ಕೇಳಿ ಸಹಿ ಹಾಕಿದರೆ ಮುಗಿಯಿತು. ಇಲ್ಲಿ ಯಾರನ್ನು ಏನು ಕೇಳಬೇಕೆಂಬುದೇ ತಿಳಿಯುತ್ತಿಲ್ಲ. ಆದಾಗ್ಯೂ, ಕೈಲಾಂಚ ಹೋಬಳಿಯ ನಮ್ಮ ಮನೆಯಲ್ಲಿ ಡ್ಯಾಂಡೆಲಿಯನ್ ಎಂಬ ಗಿಡದ ಹೆಸರಿನಲ್ಲಿ ನಡೆದ ಸಂಗತಿಯನ್ನು, ಅದರಲ್ಲಿ ನನ್ನ ಪಾಲಿನ ತಪ್ಪನ್ನು ಮರೆಮಾಚದೆ, ಓದುವವರ ಗಮನಕ್ಕೆ ತರುವುದು ಕರ್ತವ್ಯವೆಂದು ಭಾವಿಸಿದ್ದೇನೆ.

ಸದರಿ ಸಂಗತಿ ನಡೆದ ದಿನ ನಮ್ಮ ರೇಷ್ಮೆಹುಳುಗಳು ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಹುಳು ಪೊರೆ ಕಳಚಲು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿದ ಹುಳು ವಾರದಷ್ಟು ಮೇದರೆ ಹಣ್ಣಾಗಿ ಗೂಡು ಕಟ್ಟುತ್ತದೆ. ಅಂದರೆ ಇನ್ನೆರಡು ದಿನ ಬಾಕಿ. ಹಿಂದಿನ ಬೆಳೆ ರೋಗ ಬಂದು ಪೂರ್ತಿ ಹೋಗಿತ್ತು. "ಇದೂ ಕೈ ಕೊಟ್ರೆ ಹಿಪ್ನೇರಳೆ ಬೇರ್ ಸಮೇತ ಕಿತ್ತಾಕಿ ಮಾವಿನ ಸಸಿ ಮಡಗ್ತೀನಿ. ಆಮೇಲೆ ಯಾರೂ ಮಾತಾಡ್ಬ್ಯಾಡಿ" ಎಂದು ನನ್ನ ಯಜಮಾನರು ಘೋಷಿಸಿಬಿಟ್ಟಿದ್ದರು. ಯಾರೂ ಎಂದರೆ ಅತ್ತೆ. ಆ ಹಿಪ್ಪುನೇರಳೆಯ ಕಡ್ಡಿಗಳನ್ನು ನೆಟ್ಟವರು ಅವರು. ಅಂದಿನಿಂದ ಅವರು ಹುಳದ ಮನೆಗೆ ಹೋಗಿ ಬರುವುದು ಎರಡರಷ್ಟಾಯಿತು.

ಅತ್ತೆಗೆ ಆ ತೋಟ ಹುಳದ ಮೇವಿಗಷ್ಟೇ ಅಲ್ಲ. ಹಿಪ್ಪುನೇರಳೆಗೆ ನಾವು ಕೀಟದ ಔಷಧಿ ಹೊಡೆಯುವುದಿಲ್ಲ. ಹೊಡೆದರೆ ಹುಳು ಸಾಯುತ್ತದೆ. ಆದಕಾರಣ ಸಾಲುಗಳ ನಡುವೆ ತಾನಾಗಿ ಹುಟ್ಟುವ ಅಣ್ಣೆ, ಗಣಿಕೆ, ಕೀರೆ, ಹೊನಗೊನ್ನೆ ಎಲ್ಲವೂ ನಿರ್ಭಯವಾಗಿ ತಿನ್ನಬಹುದಾದ ಸೊಪ್ಪು. ಅತ್ತೆ ಬೆಳಿಗ್ಗೆ ಸೆರಗನ್ನು ಮಡಿಲು ಕಟ್ಟಿಕೊಂಡು ಹೋದರೆ ಅರ್ಧ ಗಂಟೆಯಲ್ಲಿ ಮಡಿಲು ತುಂಬಿಸಿಕೊಂಡು ಬರುತ್ತಾರೆ. ಬೇರು ಕೀಳುವುದಿಲ್ಲ, ಕುಡಿ ಚಿವುಟುತ್ತಾರೆ. ನಾಲ್ಕೈದು ಬಗೆ ಕೂಡದಿದ್ದರೆ ಅದನ್ನು ಬೆರಕೆ ಸೊಪ್ಪು ಎಂದು ಒಪ್ಪುವುದಿಲ್ಲ. ಬೇಳೆಯ ಜೊತೆ ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಇಷ್ಟು ಸಾಮಾನ್ಯವಾದ ಸಂಗತಿಯನ್ನು ವಿವರಿಸುವುದಕ್ಕೆ ಸಂಕೋಚವಾಗುತ್ತದೆ. ಆದರೆ ಇದನ್ನು ಮರೆತವರು ನಮ್ಮ ಮನೆಯಲ್ಲೇ ಹುಟ್ಟಿದ್ದಾರೆ.

ಅಂಥವಳು ನನ್ನ ನಾದಿನಿ. ಯಜಮಾನರ ತಂಗಿ, ಚನ್ನಪಟ್ಟಣಕ್ಕೆ ಕೊಟ್ಟಿದೆ. ಗಂಡನಿಗೆ ಅಲ್ಲಿ ಪೇಟೆಯಲ್ಲಿ ಅಂಗಡಿ. ಇಲ್ಲಿದ್ದಾಗ ಗಣಿಕೆ ಹಣ್ಣು ತಿಂದು ತುಟಿ ಕಪ್ಪು ಮಾಡಿಕೊಂಡು ತಿರುಗುತ್ತಿದ್ದಳಂತೆ. ಈಗ ಬೆರಕೆ ಸೊಪ್ಪಿನ ವಾಸನೆ ಆಗುವುದಿಲ್ಲ. ಇಂಥವಳಿಗೆ ಯಾವುದೋ ತಂಪು ದೇಶದ ಕಳೆಯೊಂದರ ಮೇಲೆ ಭಕ್ತಿ ಹುಟ್ಟಿದ್ದು ಮೊಬೈಲಿನ ಕೃಪೆಯಿಂದ. ಡ್ಯಾಂಡೆಲಿಯನ್ ಎಲೆಯ ಸಲಾಡು, ಡ್ಯಾಂಡೆಲಿಯನ್ ಬೇರಿನ ಟೀ, ಪಿತ್ತಕೋಶ ಶುದ್ಧಿ, ಸೊಂಟದ ಸುತ್ತಳತೆ ಇಳಿಕೆ. ಅವಳ ಬಡಾವಣೆಯ ಹೆಂಗಸರೆಲ್ಲ ಪೊಟ್ಟಣ ತರಿಸಿಕೊಂಡು ಕುಡಿಯುತ್ತಿದ್ದಾರಂತೆ. ಆ ಪೊಟ್ಟಣದಲ್ಲಿರುವ ಗಿಡವೇ ತನ್ನ ತವರಿನ ತೋಟದಲ್ಲಿ ಹೇರಳವಾಗಿದೆ ಎಂಬ ಜ್ಞಾನೋದಯವಾಗಿ, ಒಂದು ಬೆಳಿಗ್ಗೆ ರಬ್ಬರ್ ಕೈಗವಸು, ಕತ್ತರಿ, ನಾಲ್ಕು ಬಟ್ಟೆಯ ಚೀಲಗಳ ಸಮೇತ ಬಂದಿಳಿದಳು.

"ಅತ್ತಿಗೆ, ನೀವು ಓದಿದೋರು, ನೀವ್ ಹೇಳಿ. ಇದೇ ತಾನೆ?" ಎಂದು ಮೊಬೈಲಿನಲ್ಲಿ ಒಂದು ಹಳದಿ ಹೂವಿನ ಚಿತ್ರ ತೋರಿಸಿದಳು.

ನಮ್ಮ ತೋಟದ ಬದುವಿನಲ್ಲಿ ಒಂದು ಗಿಡ ಬೆಳೆಯುತ್ತದೆ. ನಡುವೆ ಹಳದಿ ಇರುವ ಚಿಕ್ಕ ಹೂವು, ಒರಟು ಎಲೆ. ಬೀಜಕ್ಕೆ ಹತ್ತಿಯಂಥ ಕುಚ್ಚು ಇದ್ದು ಊದಿದರೆ ಹಾರುತ್ತದೆ. ಕುಡುಗೋಲು ತಗುಲಿ ಗಾಯವಾದರೆ ಆ ಎಲೆ ಜಜ್ಜಿ ರಸ ಹಿಂಡುತ್ತೇವೆ. ಅದನ್ನು ಯಾರೂ ಬೇಯಿಸಿ ತಿಂದದ್ದನ್ನು ನಾನು ಕಂಡಿಲ್ಲ. ಚಿತ್ರದಲ್ಲಿದ್ದದ್ದು ಅದೇ ಹೌದೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳಬಹುದಿತ್ತು. ಆದರೆ ಓದಿದವರು ಎಂದು ಕರೆಸಿಕೊಂಡ ಮೇಲೆ ಗೊತ್ತಿಲ್ಲ ಎನ್ನುವುದು ಹೇಗೆ? "ಅದೇ ಇರಬೇಕು" ಎಂದೆ. ಪರಿಶೀಲಿಸದೆ ಕೊಟ್ಟ ದೃಢೀಕರಣ ಪತ್ರಗಳನ್ನು ಕುರಿತು ನಾನೇ ಹಲವು ಬಾರಿ ಮೇಲಧಿಕಾರಿಗಳಿಗೆ ದೂರು ಬರೆದಿದ್ದೇನೆ.

ಅತ್ತೆ ಬಗ್ಗಿ ಮೊಬೈಲು ನೋಡಿದರು. ಅವರಿಗೆ ಅಕ್ಷರ ಬರುವುದಿಲ್ಲ.

"ಇದಲ್ಲ ಕಣಮ್ಮಿ. ಚಿತ್ರದಲ್ಲಿರೋದು ನೆಲಕ್ಕೆ ಅಂಟ್ಕಂಡು ಕುಂತೈತೆ. ಒಂದು ದಂಟು, ಒಂದು ಹೂವು. ನಮ್ದು ಹರ್ಕಂಡ್ ಹೋಯ್ತದೆ. ಮೇಕೆನೂ ಸುಮ್ನೆ ಮೂಸಿ ಮುಂದಕ್ಕೋಯ್ತದೆ."

"ಅವ್ವ, ನಿಂಗೇನ್ ಗೊತ್ತಾಯ್ತದೆ, ಇದು ಫಾರಿನ್ದು."

"ಫಾರಿನ್ದು ನಮ್ ಬದೂಗೆ ಯಾಕ್ ಬತ್ತದೆ? ಅದಕ್ಕೇನ್ ದಾರಿ ತಪ್ಪೋಗಿತ್ತಾ?"

ನಾನು ನಕ್ಕೆ. ನಕ್ಕೆನೇ ವಿನಃ ನನ್ನ ದೃಢೀಕರಣವನ್ನು ಹಿಂಪಡೆಯಲಿಲ್ಲ.

ತೋಟದಲ್ಲಿ ಸೊಳ್ಳೆ. ನಾದಿನಿ ಚೀಲದಿಂದ ಒಂದು ಬಾಟಲಿ ತೆಗೆದು ಕೈಗೆ, ಕಾಲಿಗೆ, ಸೆರಗಿಗೆಲ್ಲ ಬುಸ್ ಎಂದು ಸಿಂಪಡಿಸಿಕೊಂಡಳು. ಸೊಳ್ಳೆ ಓಡಿಸುವ ಔಷಧಿಯಂತೆ, ನಿಂಬೆಯ ಗಾಟು. ಅನಂತರ ಕೈಗವಸು ತೊಟ್ಟು, ಎರಡು ಹೆಜ್ಜೆಗೊಮ್ಮೆ ಫೋಟೋ ತೆಗೆದುಕೊಳ್ಳುತ್ತ, ಬಿಳಿ ಕುಚ್ಚುಗಳನ್ನು ಊದಿ ಹಾರಿಸುತ್ತ ಕೊಯ್ಲು ಆರಂಭಿಸಿದಳು. ಅವಳು ಮಂಡಿಯೂರಿದ್ದ ಜಾಗದಲ್ಲಿ ಎಳೆಯ ಅಣ್ಣೆ ಸೊಪ್ಪು ಚಪ್ಪಟೆಯಾಗಿತ್ತು. ತಿನ್ನುವ ಸೊಪ್ಪನ್ನು ತುಳಿದುಕೊಂಡು ತಿನ್ನದ ಸೊಪ್ಪನ್ನು ಕತ್ತರಿಯಲ್ಲಿ ಕೊಯ್ಯುವ ಈ ವೈಭವವನ್ನು ನೋಡುತ್ತ ನನ್ನ ಮನಸ್ಸಿನಲ್ಲಿ ಒಂದಾದ ಮೇಲೊಂದು ಚುಚ್ಚುಮಾತು ಸಿದ್ಧವಾಗುತ್ತಿತ್ತು. ಒಂದನ್ನೂ ಬಾಯಿಬಿಟ್ಟು ಆಡಲಿಲ್ಲ. ತವರಿಗೆ ಬಂದ ಹೆಣ್ಣುಮಗಳು.

ಮನೆಗೆ ಬಂದು ಒಂದು ಹಿಡಿಯನ್ನು ಕುದಿಸಿದಳು. ನೀರು ಮಾಸಲು ಹಸಿರಾಯಿತು. ಸೋಸಿ ಎಲ್ಲರಿಗೂ ಲೋಟದಲ್ಲಿ ಕೊಟ್ಟಳು. ಯಜಮಾನರು ಒಂದು ಗುಟುಕು ಕುಡಿದು ಲೋಟವನ್ನು ಕಿಟಕಿಯಲ್ಲಿಟ್ಟು, ಮೇವು ಕೊಯ್ಯುವುದಿದೆ ಎಂದು ತೋಟಕ್ಕೆ ಹೋಗಿಬಿಟ್ಟರು. ಅತ್ತೆ ಮೂಸಿ ನೋಡಿ, "ಏನಮ್ಮಿ, ಬಸಿದ ನೀರು ಕುಡಿಯಕ್ಕೆ ಇಷ್ಟೊಂದು ಸಡಗರವಾ? ಒಸಿ ಖಾರ ಅರೆದಾಕು, ಹುಣಸೆಹುಳಿ ಬಿಡು, ಸಾರಾದ್ರೂ ಆಯ್ತದೆ" ಎಂದರು.

"ಟೀಗೆ ಖಾರ ಹಾಕ್ತಾರಾ ಅವ್ವ? ಇದು ಒಳಗೆಲ್ಲ ಕ್ಲೀನ್ ಮಾಡುತ್ತೆ."

"ಒಳಗಿಂದು ಬುಡು, ಮೊದ್ಲು ಪಾತ್ರೆ ಕ್ಲೀನ್ ಮಾಡು."

ಅವಳು ಕಣ್ಣು ಮುಚ್ಚಿ ಪೂರ್ತಿ ಕುಡಿದಳು. ಕಹಿಯನ್ನು ಹಣ ಕೊಟ್ಟು ಕೊಂಡು ಆರೋಗ್ಯವೆಂದು ಕರೆಯುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಅಡುಗೆಮನೆಯಲ್ಲಿ ಪುಕ್ಕಟೆಯಾಗಿ ಸಿಕ್ಕುವ ಕಹಿಯನ್ನು ಮಾತ್ರ ಅವರು ಬಡತನ ಎನ್ನುತ್ತಾರೆ.

ಇಲ್ಲಿಯವರೆಗೆ ನಡೆದದ್ದರಿಂದ ಯಾರಿಗೂ ನಷ್ಟವಿರಲಿಲ್ಲ. ಮುಂದಿನದಕ್ಕೆ ನಾನು ಜವಾಬ್ದಾರಳು.

ಉಳಿದ ಮೂರು ಚೀಲ ಸೊಪ್ಪನ್ನು ಒಣಗಿಸಬೇಕಿತ್ತು. ಬಿಸಿಲಿಗೆ ಹಾಕಿದರೆ ಸತ್ವ ಹೋಗುತ್ತದೆ, ಗಾಳಿಯಾಡುವ ನೆರಳಿರಬೇಕೆಂದು ಮೊಬೈಲಿನಲ್ಲಿ ಹೇಳಿದ್ದರಂತೆ. ನಮ್ಮಲ್ಲಿ ಗಾಳಿಯಾಡುವ ನೆರಳೆಂದರೆ ಹುಳದ ಮನೆ. ಅದರ ಬಾಗಿಲಲ್ಲಿ ಔಷಧಿ ನೀರಿನ ಬೇಸನ್ನು ಇರುತ್ತದೆ. ಕೈಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಬೀಡಿ ಸೇದಿದವರು, ಸೆಂಟು ಹಾಕಿಕೊಂಡವರು, ಬೇರೆಯವರ ಹುಳದ ಮನೆಗೆ ಹೋಗಿ ಬಂದವರು ಹೊರಗೇ ನಿಲ್ಲಬೇಕು. ಅತ್ತೆ ಈ ವಿಷಯದಲ್ಲಿ ಯಾವ ದಾಕ್ಷಿಣ್ಯವನ್ನೂ ನೋಡುವವರಲ್ಲ. ಪಂಚಾಯಿತಿ ಸದಸ್ಯರನ್ನೇ ಅಂಗಳದಲ್ಲಿ ನಿಲ್ಲಿಸಿ ಮಾತಾಡಿಸಿ ಕಳುಹಿಸಿದ್ದಾರೆ. ಆದರೆ ಈ ನಿಯಮಗಳೆಲ್ಲ ಹೊರಗಿನವರಿಗೆ. ಮನೆಯ ಮಗಳನ್ನು ತವರಿನ ಯಾವ ಬಾಗಿಲಲ್ಲೂ ತಡೆಯುವ ಪದ್ಧತಿ ನಮ್ಮಲ್ಲಿಲ್ಲ. ತಡೆದ ಸೊಸೆಯ ಹೆಸರು ಚನ್ನಪಟ್ಟಣದವರೆಗೂ ಹೋಗುತ್ತದೆ.

ಆ ಹೊತ್ತಿಗೆ ಅತ್ತೆ ಒಲೆಯ ಮುಂದಿದ್ದರು. ನಾನು ಹುಳದ ಮನೆಯ ಬಾಗಿಲಲ್ಲಿದ್ದೆ. ನಾದಿನಿ ಚೀಲ ಹೊತ್ತು ನನ್ನ ಪಕ್ಕದಲ್ಲೇ ಹಾದು ಹೋದಳು. ನಿಂಬೆಯ ಗಾಟು ಮೂಗಿಗೆ ಬಡಿಯಿತು. ಸೊಳ್ಳೆಯನ್ನು ಓಡಿಸುವುದು ಹುಳುವನ್ನು ಮುದ್ದಿಸುವುದಿಲ್ಲ ಎಂಬುದು ನನಗೆ ಆ ಕ್ಷಣದಲ್ಲೇ ಹೊಳೆಯಿತು. "ಕೈ ತೊಳ್ಕೊ" ಎಂಬ ಒಂದು ಮಾತು ಸಾಕಿತ್ತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಅವಳು ಬಲಗಡೆಯ ಖಾಲಿ ತಟ್ಟೆಗಳ ಮೇಲೆ ಸೊಪ್ಪು ಹರವಿದಳು. ಪಕ್ಕದಲ್ಲಿ ಕೊಯ್ದು ತಂದ ಹಿಪ್ಪುನೇರಳೆ ಕಡ್ಡಿಗಳ ರಾಶಿಯಿತ್ತು. "ಎಷ್ಟು ವರ್ಷ ಆಯ್ತು ಅತ್ತಿಗೆ, ತವರಿನ ಹುಳಕ್ಕೆ ನಾನೂ ಒಂದು ಹೊತ್ತು ಮೇವು ಹಾಕ್ತೀನಿ" ಎಂದು, ನಾನು ನೋಡುತ್ತಿದ್ದಂತೆಯೇ ತೊಳೆಯದ ಅದೇ ಕೈಯಿಂದ ಹುಳುಗಳಿದ್ದ ಬಲಗಡೆಯ ಕೆಳಗಿನ ಅಟ್ಟಣೆಗೆ ಪೂರ್ತಿ ಕಡ್ಡಿ ಹರಡಿದಳು. ಪ್ರೀತಿಯಿಂದಲೇ ಹರಡಿದಳು, ಇದನ್ನು ದಾಖಲಿಸದೆ ಹೋದರೆ ಅನ್ಯಾಯವಾಗುತ್ತದೆ. ಅನಂತರ ಊಟ ಮಾಡಿ, ಬೆರಕೆ ಸೊಪ್ಪಿನ ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿಟ್ಟು, ಎರಡು ಗಂಟೆಯ ಬಸ್ಸಿಗೆ ಹೊರಟುಹೋದಳು. ಸೊಪ್ಪು ಒಣಗಿದ ಮೇಲೆ ಯಾರ ಕೈಯಲ್ಲಾದರೂ ಕಳುಹಿಸಬೇಕೆಂದು ಎರಡು ಬಾರಿ ನೆನಪಿಸಿದಳು.

ನಾಲ್ಕು ಗಂಟೆಗೆ ಮೇವು ಹಾಕಲು ಹೋದ ಅತ್ತೆ ನನ್ನನ್ನು ಕೂಗಿದರು. ಆ ಕೂಗು ಎಂದಿನಂತಿರಲಿಲ್ಲ. ಬಲಗಡೆಯ ಕೆಳಗಿನ ಅಟ್ಟಣೆಯಲ್ಲಿ ಹುಳುಗಳು ಮೇವು ಬಿಟ್ಟು ತಲೆಯನ್ನು ಅತ್ತಿತ್ತ ಆಡಿಸುತ್ತಿದ್ದವು. ಕೆಲವು ಬಾಯಿಂದ ಹಸಿರು ನೀರು ಕಾರಿಕೊಂಡು ಅಂಚಿಗೆ ಬಂದಿದ್ದವು. ಅತ್ತೆ ಒಂದು ಕಡ್ಡಿಯನ್ನೆತ್ತಿ ಮೂಸಿದರು.

"ಯಾರ್ ಹಾಕಿದ್ದು ಮೇವ?"

ನಾನು ಹೇಳಿದೆ.

"ನೀ ಎಲ್ಲಿದ್ದೆ?"

"ಬಾಗ್ಲಲ್ಲೇ ಇದ್ದೆ ಅತ್ತೆ."

"ಗಾಟು ಬರ್ನಿಲ್ವಾ?"

"ಬಂತು."

ಅವರು ಮಗಳನ್ನು ಬಯ್ಯಲಿಲ್ಲ. "ಅವ್ಳಿಗೆ ಮರ್ತೋಗೈತೆ. ಊರ್ ಬಿಟ್ಟು ಇಪ್ಪತ್ತು ವರ್ಸ ಆಯ್ತು. ನಿಂಗ್ ಗೊತ್ತಿತ್ತಲ್ಲ ಕಣವ್ವ. ದಿನಾ ಮನೆಯೊಳಗೆ ಅವ್ಳನ್ನ ಆಡ್ಕಂಡ್ ನಗ್ತೀಯಲ್ಲ, ಆ ನಾಲ್ಗೆ ಬಾಗ್ಲಲ್ಲಿ ಎಲ್ಲೋಗಿತ್ತು?" ಎಂದರು.

ಕೂಡಲೇ ಕೆಲಸಕ್ಕೆ ಇಳಿದೆವು. ಕಿಟಕಿಗಳನ್ನೆಲ್ಲ ತೆರೆದು, ಆ ಅಟ್ಟಣೆಯ ಮೇವನ್ನು ಪೂರ್ತಿ ಎತ್ತಿ ಹೊರಗೆ ಸಾಗಿಸಿ, ಇನ್ನೂ ಗಟ್ಟಿಯಾಗಿದ್ದ ಹುಳುಗಳನ್ನು ಒಂದೊಂದಾಗಿ ಆಯ್ದು ಬೇರೆ ತಟ್ಟೆಗಳಿಗೆ ವರ್ಗಾಯಿಸಿದೆವು. ಯಜಮಾನರು ತೋಟದಿಂದ ಹೊಸ ಕಡ್ಡಿ ತಂದು ಹಾಕಿ, ಗೋಡೆಗೊರಗಿ ನಿಂತರು. ಅವರು ಮಾವಿನ ಸಸಿಗೆ ಆಗಲೇ ಒಬ್ಬರಿಗೆ ಫೋನು ಮಾಡಿ ಇಟ್ಟಿದ್ದರೆಂದು ನನಗೆ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವರು ಮಗನ ಮುಖ ನೋಡದೆ ಮೇಲಿನ ಅಟ್ಟಣೆಗಳ ಹುಳುಗಳನ್ನು ನೋಡುತ್ತಲೇ ಇದ್ದರು. ಅವು ಮೇಯುತ್ತಿದ್ದವು.

ಮರುದಿನವೂ ಮೇದವು. ಅದರ ಮರುದಿನ ಮೈ ಹಳದಿಯಾಗಿ ಹಣ್ಣಾದವು. ಚಂದ್ರಿಕೆಯ ಮೇಲೆ, ಅಂದರೆ ಹುಳು ಗೂಡು ಕಟ್ಟಲೆಂದು ಬಿದಿರಿನಲ್ಲಿ ಹೆಣೆದ ಚಾಪೆಯ ಮೇಲೆ, ಬಿಟ್ಟ ಹುಳುಗಳು ನೂಲು ಬಿಡಲಾರಂಭಿಸಿದಾಗ ಯಜಮಾನರು ಫೋನು ಎತ್ತಿಕೊಂಡು ಅಂಗಳಕ್ಕೆ ಹೋದರು. "ಸಸಿ ಈ ಸಲ ಬ್ಯಾಡ ಕಣ್ಲಾ. ಮುಂದ್ಲು ಸಲ ನೋಡವ" ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಕೆಳಗಿನ ಅಟ್ಟಣೆಯದು ಮುಕ್ಕಾಲು ಹೋಗಿತ್ತು. ಸತ್ತ ಹುಳುಗಳನ್ನು ಅತ್ತೆ ಸುಣ್ಣ ಹಾಕಿ ದೂರದಲ್ಲಿ ಹೂತರು.

ಆ ವಾರವೇ ನಾದಿನಿಯ ಫೋನು ಬಂತು. ಗೆಳತಿಯರೆಲ್ಲ ಕಾಯುತ್ತಿದ್ದಾರೆ, ನಮ್ಮ ತೋಟದ ಡ್ಯಾಂಡೆಲಿಯನ್ ಯಾವಾಗ ಬರುತ್ತದೆ ಎಂದು. ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು, "ಅದ್ನ ಹುಳದ್ ಜೊತೆ ಮಣ್ಣು ಮಾಡ್ಬುಟ್ಟೆ ಕಣಮ್ಮಿ. ನಿಮ್ಮೋರಿಗೆ ಅಷ್ಟು ಕಹಿ ಬೇಕಾದ್ರೆ ಬೇವಿನ್ ಮರ ಐತೆ, ಬಂದು ಕಿತ್ಕಂಡೋಗು" ಎಂದು ನಗುತ್ತ ಹೇಳಿ ಇಟ್ಟರು. ಹುಳು ಸತ್ತ ಕಾರಣವನ್ನು ಹೇಳಲಿಲ್ಲ. ಹೇಳುವ ಕೆಲಸವನ್ನು ನನಗೆ ಬಿಟ್ಟರೆಂದು ನಾನು ಅರ್ಥ ಮಾಡಿಕೊಂಡೆ.

ಮುಂದಿನ ಬೆಳೆಯಲ್ಲಿ, ಹುಳುಗಳು ಮೂರನೇ ಜ್ವರ ಎದ್ದು ಮೇಯುತ್ತಿದ್ದಾಗ, ಅವಳು ಮತ್ತೆ ಬಂದಳು. ಈ ಬಾರಿ ಮೈಗೆಲ್ಲ ಮಲ್ಲಿಗೆಯ ಸೆಂಟು. ನೇರವಾಗಿ ಹುಳದ ಮನೆಯ ಕಡೆ ಹೊರಟಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಕಳೆದ ಬಾರಿ ಏನಾಯಿತೆಂಬುದನ್ನು, ನನ್ನ ಮೌನವನ್ನೂ ಸೇರಿಸಿ, ಒಂದೂ ಬಿಡದೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ಹಂಗಾದ್ರೆ ನಾನು ಈ ಮನೆಗೆ ಹೊರಗಿನವಳಾ ಅತ್ತಿಗೆ?"

"ಮನೆಗಲ್ಲ ಕಣವ್ವ. ಹುಳಕ್ಕೆ."

ಅವಳು ನೀರನ್ನೂ ಮುಟ್ಟದೆ ಮುಂದಿನ ಬಸ್ಸಿಗೆ ಹೋದಳು. ನನ್ನ ಹೆಸರು ನಿರೀಕ್ಷಿಸಿದಂತೆಯೇ ಚನ್ನಪಟ್ಟಣವನ್ನು ತಲುಪಿತು. ಮದುವೆಯೊಂದರಲ್ಲಿ ಮೂವರು ನೆಂಟರು ನನ್ನನ್ನು ಮಾತಾಡಿಸಲಿಲ್ಲ. ನಾದಿನಿ ಹಾಗೆ ಹೋದ ದಿನ ಮಧ್ಯಾಹ್ನವೇ, ಹುಳಕ್ಕೆ ಮೇವು ಹಾಕುವ ಹೊತ್ತಿಗೆ, ಅತ್ತೆ ಮೊದಲ ಬಾರಿಗೆ ಬಾಗಿಲ ಕಾವಲನ್ನು ನನಗೆ ಬಿಟ್ಟು ತಾವು ತೋಟಕ್ಕೆ ಹೋಗಿದ್ದರು.