ಇಬ್ಬರ ರೇಸು

ಗರುಡಾಚಾರ್‌ಪಾಳ್ಯದ ಮುನೀಂದ್ರ ಮದುವೆಯಾದ ವರ್ಷವೇ, ಎರಡು ಸಾವಿರದ ನಾಲ್ಕರಲ್ಲಿ, ಗೇಮ್ ಆಡಲೆಂದೇ ಕಂಪ್ಯೂಟರ್ ಕೊಂಡಿದ್ದ. ಸಂಜೆ ಕೆಲಸದಿಂದ ಬಂದು ಮುಖ ತೊಳೆದರೆ ಸಾಕು, ಅವನೂ ಹೆಂಡತಿ ದಿವ್ಯಳೂ ಒಂದೇ ಕೀಬೋರ್ಡಿಗೆ ಕೈ ಹಾಕಿ ಕಾರ್ ರೇಸಿಗೆ ಇಳಿಯುತ್ತಿದ್ದರು. ಪರದೆಯ ಮೇಲರ್ಧ ಅವಳದು, ಕೆಳಗರ್ಧ ಅವನದು. ತಿರುವು ಬಂದಾಗಲೆಲ್ಲ ಎರಡೂ ಕಾರುಗಳು ತಡವರಿಸಿ ನಿಂತುಬಿಡುತ್ತಿದ್ದವು.

“ಚಿತ್ರ ಮೂಡ್ಸೋ ಈ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯ್ತು ಕಣ್ರೀ, ಬದಲಾಯ್ಸಿ,” ಎನ್ನುತ್ತಿದ್ದಳು ದಿವ್ಯ.

ಮುನೀಂದ್ರನದು ಒಂದೇ ರಾಗ. “ತಡಿಯೇ, ಇನ್ನೆರಡು ತಿಂಗಳಿಗೆ ಇದಕ್ಕಿಂತ ಒಳ್ಳೇದು ಬರ್ತೈತೆ.”

ಒಳ್ಳೆಯದು ಬಂದರೆ ಅದಕ್ಕಿಂತ ಒಳ್ಳೆಯದಕ್ಕೆ ಕಾಯುವ ಮೊಂಡ ಅವನು. ಹೀಗೇ ಮೂರು ವರ್ಷ ಕಳೆಯಿತು. ಆಮೇಲೊಂದು ದಿನ ಜ್ವರವೆಂದು ಮಲಗಿದ ದಿವ್ಯ ಮತ್ತೆ ಏಳಲಿಲ್ಲ.

ವರ್ಷದ ತಿಥಿ ಮುಗಿದ ಮೇಲೆ, ಅವಳ ಮಾತನ್ನು ಈಗಲಾದರೂ ನಡೆಸೋಣವೆಂದು ಮುನೀಂದ್ರ ಹೊಸ ಕಾರ್ಡು ತಂದ. ಹಳೆಯದನ್ನು ಕಳಚುವ ಮುನ್ನ ಒಂದು ಸಲ ಅದೇ ರೇಸು ಹಾಕಿದ. ಆಡುವವರು ಎಷ್ಟು ಜನ ಎಂದು ಪರದೆ ಕೇಳಿತು. ಒಂದು ಎಂದು ಒತ್ತಿದ.

ಇಡೀ ಪರದೆ ಅವನದೇ ಆಗಿತ್ತು. ಕಾರು ಒಂದು ತಿರುವಿನಲ್ಲೂ ತಡವರಿಸದೆ ನೀರು ಹರಿದಂತೆ ಓಡಿತು.

ಒಬ್ಬನಿಗೆ ಹಳೆಯ ಕಾರ್ಡೇ ಸಾಕಾಗಿತ್ತು.